ಡಬ್ಲಿನ್‌ನಲ್ಲಿ ಅರ್ಧ ದಿನ ಇದ್ದರೆ ಲಿಫಿ ದಂಡೆಗೆ ಹೋಗಿ

ಐರಿಷ್ ಬರಗಾಲದ ನೆನಪಿನ ಕಲಾಕೃತಿ ಐರ್ಲೆಂಡಿನ ರಾಜಧಾನಿ ಡಬ್ಲಿನ್‌ನಲ್ಲಿ ಯಾವುದು ನೋಡಬೇಕು, ಅರ್ಧ ದಿನ ಮಾತ್ರ ಇದೆ ಅಂತ ಕೇಳಿದ್ದೀರಿ. ಸೀದಾ ಲಿಫಿ ನದಿ ಪಕ್ಕದ ಕಸ್ಟಮ್ ಹೌಸ್ ಕೀ ಎಂಬ ಹಡಗುಕಟ್ಟೆಗೆ ಹೋಗಿ. ಶಿಲ್ಪಿ ರೋವನ್ ಗಿಲೆಸ್ಪಿ ಮಾಡಿದ ಕಂಚಿನ ಪ್ರತಿಮೆಗಳು 1997ರಿಂದ ಅಲ್ಲಿವೆ. ಎತ್ತರದ ಪೀಠ ಇಲ್ಲ, ನಾವು ಓಡಾಡುವ ಕಲ್ಲುಹಾಸಿನ ಮೇಲೇ, ಹರಕು ಬಟ್ಟೆ ಸುತ್ತಿಕೊಂಡು ಬರೀ ಮೂಳೆ ಚಕ್ಕಳವಾದ ಜನ ಹಡಗು ಹತ್ತೋಕೆ ಕಾಲೆಳೆದುಕೊಂಡು ಹೊರಟಿದ್ದಾರೆ. ಒಬ್ಬನ ಹೆಗಲ ಮೇಲೆ ಜೋತುಬಿದ್ದ ಮಗು. ಹಿಂದೆ ಒಂದು ಬಡಕಲು ನಾಯಿ. ಸುಮ್ನೆ ಫೋಟೋ ತೆಗೆದು ಬರಬೇಡಿ, ಅವರ ಮುಖದ ಎದುರು ಸ್ವಲ್ಪ ಹೊತ್ತು ನಿಲ್ಲಿ.

ಐರ್ಲೆಂಡಿನ ಆ ಬರಗಾಲದಲ್ಲಿ, 1845ರಿಂದ 1852ರೊಳಗೆ ಸುಮಾರು 10 ಲಕ್ಷ ಜನ ಸತ್ತರು, ಅದಕ್ಕಿಂತ ಜಾಸ್ತಿ ಜನ ದೇಶ ಬಿಟ್ಟರು. ಬಡವರ ಮುಖ್ಯ ಊಟವಾಗಿದ್ದ ಆಲೂಗಡ್ಡೆಗೆ ರೋಗ ಬಂದಿದ್ದು ನಿಜ, ಆದರೆ ಆಗಲೂ ಅಲ್ಲಿಂದ ಧಾನ್ಯ ಇಂಗ್ಲೆಂಡಿಗೆ ಹೋಗುತ್ತಲೇ ಇತ್ತು. ಇದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಇನ್ನೊಂದು ದಿನ ಸಿಕ್ಕರೆ ಐರ್ಲೆಂಡಿನ ದಕ್ಷಿಣಕ್ಕಿರುವ ಕಾರ್ಕ್ ಕಡೆಯ ಮಿಡಲ್ಟನ್ ಊರಿಗೂ ಹೋಗಿ. ಒಂಬತ್ತು ದೊಡ್ಡ ಸ್ಟೀಲ್ ಗರಿಗಳು ಬಟ್ಟಲಿನ ಆಕಾರದಲ್ಲಿ ನಿಂತಿವೆ. 1847ರಲ್ಲಿ ಅಮೆರಿಕದ ಚಾಕ್ಟಾ ಬುಡಕಟ್ಟಿನವರು ಐರ್ಲೆಂಡಿನ ಹಸಿದವರಿಗೆ ಹಣ ಕೂಡಿಸಿ ಕಳಿಸಿದ್ದರ ನೆನಪು ಅದು. ಅವರನ್ನೇ ಸ್ವಂತ ನೆಲದಿಂದ ಓಡಿಸಿ ಇಪ್ಪತ್ತು ವರ್ಷವೂ ಆಗಿರಲಿಲ್ಲ. ಗರಿಗಳ ನಡುವೆ ನಿಂತು ಮೇಲೆ ನೋಡಿ.