ಓಡುವಾಗ ವಾಚ್ 170 ತೋರಿಸುತ್ತೆ, ಹೆದರಬೇಕಾ?

ನಿಮಗೆ 48 ವರ್ಷ, ಶಿವಮೊಗ್ಗದಲ್ಲಿ ಬೆಳಿಗ್ಗೆ ಗೆಳೆಯರ ಜೊತೆ ಮಾತಾಡುತ್ತಾ ನಿಧಾನಕ್ಕೆ ಓಡುತ್ತೀರಿ, ಆಗ ವಾಚ್ ಹಾರ್ಟ್ ರೇಟ್ 170 ತೋರಿಸುತ್ತದೆ. ಆದರೆ ಸುಸ್ತು ಇಲ್ಲ. ಬಿಪಿ ಮಾತ್ರೆ ತಗೊಳ್ಳುತ್ತೀರಿ ಅಂತಲೂ ಬರೆದಿದ್ದೀರಿ. ನನ್ನ ಪ್ರಕಾರ ಆ 170 ಹೆಚ್ಚಾಗಿ ನಿಮ್ಮ ಎದೆಬಡಿತ ಅಲ್ಲ, ನಿಮ್ಮ ಹೆಜ್ಜೆ.

ವಾಚಿನ ಅಡಿಯಲ್ಲಿ ಹಸಿರು ಬೆಳಕು ಮಿನುಗುತ್ತದಲ್ವಾ? ರಕ್ತ ಹಸಿರು ಬೆಳಕನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ಪ್ರತಿ ಬಡಿತಕ್ಕೂ ಚರ್ಮದ ಕೆಳಗಿನ ರಕ್ತ ಸ್ವಲ್ಪ ಹೆಚ್ಚು ಕಡಿಮೆ ಆಗುತ್ತದೆ, ವಾಪಸ್ ಬರುವ ಬೆಳಕೂ ಹಾಗೇ ಬದಲಾಗುತ್ತದೆ. ವಾಚ್ ಎಣಿಸುವುದು ಅದನ್ನು. ಓಡುವಾಗ ಕೈ ಬೀಸುವುದರಿಂದಲೂ ಆ ಬೆಳಕು ಒಂದು ತಾಳಕ್ಕೆ ಅಲುಗಾಡುತ್ತದೆ. ಸಾಮಾನ್ಯವಾಗಿ ಓಡುವವರ ಹೆಜ್ಜೆ ನಿಮಿಷಕ್ಕೆ 160ರಿಂದ 180. ಪಟ್ಟಿ ಸಡಿಲ ಇದ್ದರೆ ವಾಚ್ ಆ ತಾಳವನ್ನೇ ಹಿಡಿದುಕೊಂಡುಬಿಡುತ್ತದೆ. ನಿಮ್ಮ ವಾಚಿನಲ್ಲಿ ಕೇಡೆನ್ಸ್, ಅಂದರೆ ನಿಮಿಷಕ್ಕೆ ಎಷ್ಟು ಹೆಜ್ಜೆ ಅನ್ನುವ ಅಂಕಿ ಕೂಡ ಕಾಣುತ್ತಿದ್ದರೆ ಎರಡನ್ನೂ ಪಕ್ಕಪಕ್ಕ ನೋಡಿ. ಎರಡೂ ಅಂಕಿ ಹೆಚ್ಚುಕಡಿಮೆ ಒಂದೇ ಆಗಿದ್ದು ಒಟ್ಟಿಗೇ ಏರಿ ಇಳಿದರೆ, ವಾಚ್ ಹೆಜ್ಜೆಯನ್ನೇ ಎಣಿಸುತ್ತಿರುವ ಸಾಧ್ಯತೆ ಹೆಚ್ಚು.

ಆದರೂ ಸುಮ್ನೆ ನಂಬಿ ಕೂರಬೇಡಿ. 170 ಕಂಡ ತಕ್ಷಣ ನಿಂತು, ಹೆಬ್ಬೆರಳಿನ ಬುಡದ ಕೆಳಗೆ ಮಣಿಕಟ್ಟಿನಲ್ಲಿ ಎರಡು ಬೆರಳಿಟ್ಟು 15 ಸೆಕೆಂಡ್ ನಾಡಿ ಎಣಿಸಿ, ನಾಲ್ಕರಿಂದ ಗುಣಿಸಿ. 120, 130 ಬಂದರೆ ತಪ್ಪು ವಾಚಿನದು. ನಿಜಕ್ಕೂ 170ರ ಹತ್ತಿರ ಬಂದರೆ, ಅಥವಾ ನಾಡಿ ತಾಳ ತಪ್ಪಿದಂತೆ ಅನಿಸಿದರೆ, ಓಟ ನಿಲ್ಲಿಸಿ. ಮೆಗ್ಗಾನ್ ಆಸ್ಪತ್ರೆ ಆದರೂ ಸರಿ, ನಿಮ್ಮ ಡಾಕ್ಟರ್ ಆದರೂ ಸರಿ, ಅವತ್ತೇ ಹೋಗಿ ಇಸಿಜಿ ಮಾಡಿಸಿ. ಸುಸ್ತಿಲ್ಲದೆಯೂ ಬಡಿತ ಏರುವ ತೊಂದರೆಗಳಿವೆ. ಎದೆನೋವು, ತಲೆಸುತ್ತು ಬಂದರಂತೂ ಎಣಿಸುತ್ತಾ ಕೂರದೆ ತಕ್ಷಣ ಆಸ್ಪತ್ರೆಗೆ ಹೋಗಿ.

ನಮ್ಮ ಕಡೆಯ ಹವೆಯೂ ಇದರಲ್ಲಿ ಸೇರಿಕೊಳ್ಳುತ್ತದೆ. ಮಳೆಗಾಲದಲ್ಲಿ, ಇಬ್ಬನಿ ಬೀಳುವ ಜನವರಿ ಬೆಳಿಗ್ಗೆಗಳಲ್ಲಿ ಕೈ ತಣ್ಣಗಾಗಿ ಚರ್ಮಕ್ಕೆ ರಕ್ತ ಕಡಿಮೆ ಬರುತ್ತದೆ, ವಾಚ್ ತಡಕಾಡುತ್ತದೆ. ಒಳಗೆ ಸ್ವಲ್ಪ ನಡೆದು ಮೈ ಬೆಚ್ಚಗಾದ ಮೇಲೆ ಹೊರಡಿ. ಮಳೆ ಹಿಡಿಯುವ ಮುಂಚಿನ ಮೇ ತಿಂಗಳ ಸೆಕೆ ಬೇರೆ ಕತೆ. ಬೆವರು ಆರುವುದಿಲ್ಲ, ಮೈ ತಂಪು ಮಾಡಲು ಹೃದಯ ಜಾಸ್ತಿ ದುಡಿಯಬೇಕು. ಅದೇ ವೇಗಕ್ಕೆ ಬಡಿತ ನಿಜವಾಗಿಯೇ ಏರುತ್ತಾ ಹೋಗುತ್ತದೆ. ಅದನ್ನು ವಾಚಿನ ತಪ್ಪು ಅಂದುಕೊಂಡು ಓಡುತ್ತಲೇ ಇರಬೇಡಿ, ವೇಗ ಇಳಿಸಿ.

ವಾಚನ್ನು ಮಣಿಕಟ್ಟಿನ ಮೂಳೆಗಿಂತ ಎರಡು ಬೆರಳು ಮೇಲೆ, ಅಲುಗದಂತೆ ಕಟ್ಟಿ. ಕೊಡಚಾದ್ರಿ ಹತ್ತುವಾಗ ಕೋಲು ಬಿಗಿಯಾಗಿ ಹಿಡಿದರೂ ಲೆಕ್ಕ ಕೆಡುತ್ತದೆ, ಮಣಿಕಟ್ಟಿನ ಸ್ನಾಯುಗಳು ಬಿಗಿಯಾಗುತ್ತವಲ್ಲ.

ಎದೆಗೆ ಕಟ್ಟುವ ಪಟ್ಟಿ ತಗೊಳ್ಳಲಾ ಅಂತ ಕೇಳಿದ್ದೀರಿ. ತಗೊಳ್ಳಿ. ಅದು ಬೆಳಕು ನೋಡುವುದಿಲ್ಲ, ಇಸಿಜಿ ಥರ ಹೃದಯದ ವಿದ್ಯುತ್ತನ್ನೇ ಹಿಡಿಯುತ್ತದೆ. ಓಡುವಾಗ ನಾನು ನಂಬುವುದು ಅದನ್ನೇ. ಕಟ್ಟುವ ಮುಂಚೆ ಪ್ಯಾಡ್ ಒದ್ದೆ ಮಾಡಿ, ಓಡಿ ಬಂದ ಮೇಲೆ ಬೆವರಿನ ಉಪ್ಪು ತೊಳೆಯಿರಿ. ಕ್ಯಾಲೊರಿ ಅಂಕಿಯನ್ನು ಮಾತ್ರ ಬಿಟ್ಟುಬಿಡಿ. 2017ರಲ್ಲಿ ಸ್ಟ್ಯಾನ್‌ಫರ್ಡ್‌ನವರು ಕೈಗೆ ಕಟ್ಟುವ ಏಳು ಸಾಧನ ಪರೀಕ್ಷಿಸಿದಾಗ, ಕ್ಯಾಲೊರಿಯಲ್ಲಿ ಎಲ್ಲಕ್ಕಿಂತ ಚೆನ್ನಾಗಿದ್ದದ್ದೇ ಸರಾಸರಿ ಶೇ. 27ರಷ್ಟು ತಪ್ಪು ಹೇಳಿತ್ತು.

ಕೊನೆಗೆ, ಆ ಬಿಪಿ ಮಾತ್ರೆಯ ಹೆಸರು ನೋಡಿ. ಅಟೆನೊಲಾಲ್, ಮೆಟೊಪ್ರೊಲಾಲ್ ಥರದ್ದಾದರೆ ಅದು ಬಡಿತವನ್ನೇ ತಗ್ಗಿಸುತ್ತದೆ. 220ರಲ್ಲಿ ವಯಸ್ಸು ಕಳೆದು 172 ಅನ್ನುವ ಗರಿಷ್ಠದ ಲೆಕ್ಕ ಮೊದಲೇ ಅಂದಾಜಿನದು, ಈ ಮಾತ್ರೆ ತಗೊಳ್ಳುವವರಿಗೆ ಹೊಂದುವುದೇ ಇಲ್ಲ. ವಾಚಿನ ಝೋನ್‌ಗಳನ್ನೂ, ಅಂದರೆ ಹಗುರ, ಜೋರು ಅಂತ ಬಡಿತವನ್ನು ಭಾಗ ಮಾಡಿದ ಮಟ್ಟಗಳನ್ನೂ, ಸಾಮಾನ್ಯವಾಗಿ ಅದೇ ಥರ ವಯಸ್ಸಿನ ಮೇಲೆ ಹಾಕಿರುತ್ತಾರೆ. ನಿಮಗೆ ಎಷ್ಟರವರೆಗೆ ಸರಿ ಅಂತ ಡಾಕ್ಟರನ್ನು ಕೇಳಿ, ಆ ಅಂಕಿಯನ್ನು ವಾಚಿಗೆ ನೀವೇ ಹಾಕಿ.