ವಾರಕ್ಕೆ ಎಂಟು ಸಲ

ಮಂಗಳೂರಿನ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಅದರ ಸಾರ ಇಷ್ಟು: ಚರ್ಚಿನ ಗಾಯನವೃಂದದಲ್ಲಿ ಹಾಡುತ್ತ ಬೆಳೆದ ಮಗಳನ್ನು ಸಾಲ ಮಾಡಿ ಲಂಡನ್ನಿಗೆ ಕಳಿಸಿ ಒಪೆರಾ, ಅಂದರೆ ಕಥೆಯನ್ನು ಹಾಡಿನಲ್ಲೇ ಆಡುವ ಪಶ್ಚಿಮದ ರಂಗಕಲೆ, ಕಲಿಸಿದರು. ಈಗ 26ರ ವಯಸ್ಸಿನಲ್ಲಿ ಅವಳು ಅಲ್ಲಿನ ಮ್ಯೂಸಿಕಲ್ ನಾಟಕವೊಂದಕ್ಕೆ ಸೇರಿದ್ದಾಳೆ. ಮೈಕ್ ಕಟ್ಟಿಕೊಂಡು ಹಾಡುತ್ತಾಳೆ, ಕುಣಿಯುತ್ತಾಳೆ. ‘ಕಲಿತದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತೇ? ಪರದೇಶದವಳೆಂದು ದೊಡ್ಡ ರಂಗದವರು ಬಾಗಿಲು ಹಾಕಿದರೇ? ನೆಂಟರು ಕೇಳಿದರೆ ಏನು ಹೇಳಲಿ?’

ಅಮ್ಮಾ, ನಿಮ್ಮ ಪತ್ರ ಓದಿದ ರಾತ್ರಿ ನನಗೆ ನೆನಪಾದವರು ಒಪೆರಾ ಗಾಯಕ ಎಟ್ಸಿಯೊ ಪಿಂಟ್ಸಾ. ಇಟಲಿಯ ಬಡಗಿಯೊಬ್ಬನ ಮಗ. 1892ರಲ್ಲಿ ರೋಮಿನಲ್ಲಿ ಹುಟ್ಟಿ, ರವೆನ್ನಾದಲ್ಲಿ ಬೆಳೆದು, ಮೊದಲು ಸೈಕಲ್ ಪಂದ್ಯಗಳಲ್ಲಿ ಹೆಸರು ಮಾಡಬೇಕೆಂದಿದ್ದವರು. ಗಂಡುಕಂಠಗಳಲ್ಲೇ ಅತಿ ತಗ್ಗಿನದಾದ ಬಾಸ್ ಅವರದು. ಮಿಲಾನಿನ ಒಪೆರಾ ರಂಗಮಂದಿರ ಲಾ ಸ್ಕಾಲಾದಲ್ಲಿ ವಾದ್ಯವೃಂದದ ನಿರ್ದೇಶಕ ಟೊಸ್ಕಾನಿನಿಯ ಕೈಕೆಳಗೆ ಹಾಡಿ, 1926ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾಕ್ಕೆ (ಮೆಟ್) ಬಂದು, 22 ಹಂಗಾಮು ಅಲ್ಲಿ ಆಳಿದರು. ಅವರಿಗೆ ಸ್ವರಲಿಪಿ ಓದಲು ಸರಿಯಾಗಿ ಬರುತ್ತಿರಲಿಲ್ಲ. ಪಿಯಾನೊದಲ್ಲಿ ನುಡಿಸಿದ್ದನ್ನು ಕೇಳಿ ಕೇಳಿಯೇ ಪಾತ್ರ ಕಲಿಯುತ್ತಿದ್ದರು. ಗುರುವಿನ ಮುಂದೆ ಕೂತು ಕಿವಿಯಿಂದ ಕಲಿಯುವ ನಮ್ಮವರಿಗೆ ಇದು ಹೊಸದೇನಲ್ಲ. ಆದರೆ ಪಶ್ಚಿಮದ ಆ ರಂಗದಲ್ಲಿ ಇಷ್ಟು ಎತ್ತರಕ್ಕೆ ಏರಿದವರೊಬ್ಬರು ಹೀಗೆ ಕಲಿಯುತ್ತಿದ್ದರು ಎಂಬುದನ್ನು ನೆನೆದಾಗಲೆಲ್ಲ ನನಗೆ ಅಚ್ಚರಿಯಾಗುತ್ತದೆ.

ಪರದೇಶದ ಮಾತು ಎತ್ತಿದಿರಲ್ಲ, ಅದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. 1942ರ ಮಾರ್ಚ್‌ನಲ್ಲಿ, ಅಮೆರಿಕ ಯುದ್ಧಕ್ಕಿಳಿದು ಮೂರು ತಿಂಗಳಾಗಿತ್ತು. ಅಲ್ಲಿನ ತನಿಖಾ ಸಂಸ್ಥೆ ಎಫ್‌ಬಿಐನವರು ಪಿಂಟ್ಸಾ ಮನೆಗೆ ಬಂದು ‘ಶತ್ರು ದೇಶದ ಪ್ರಜೆ’ ಎಂದು ಅವರನ್ನು ಹಿಡಿದೊಯ್ದರು. ಇಟಲಿಯ ಸರ್ವಾಧಿಕಾರಿ ಮುಸೊಲಿನಿಯ ಗೆಳೆಯ ಎಂಬ ಚಾಡಿ ಒಂದು. ರೇಡಿಯೊದಲ್ಲಿ ಪ್ರಸಾರವಾಗುತ್ತಿದ್ದ ಒಪೆರಾದಲ್ಲಿ ಹಾಡಿನ ಲಯ ಬದಲಿಸಿ ಇಟಲಿಗೆ ಗುಪ್ತ ಸಂದೇಶ ಕಳಿಸುತ್ತಾನೆ ಎಂಬುದು ಇನ್ನೊಂದು. ಹಾಡುಗಾರನ ಉಸಿರಾಟದಲ್ಲೂ ದ್ರೋಹ ಹುಡುಕಿದ ಕಾಲ ಅದು. ಸುಮಾರು ಮೂರು ತಿಂಗಳು ಎಲ್ಲಿಸ್ ದ್ವೀಪದಲ್ಲಿ ಇಟ್ಟಿದ್ದರು. ಲಕ್ಷಾಂತರ ವಲಸಿಗರು ಅಮೆರಿಕಕ್ಕೆ ಕಾಲಿಟ್ಟ ಜಾಗವದು; ಪಿಂಟ್ಸಾಗೆ ಮಾತ್ರ ಸೆರೆಮನೆಯಾಯಿತು. ಪೌರತ್ವದ ಅರ್ಜಿ ಆಗಲೇ ಕಡೆಯ ಹಂತದಲ್ಲಿತ್ತು. ಆರೋಪ ಯಾವುದೂ ನಿಲ್ಲಲಿಲ್ಲ, ಬಿಟ್ಟರು. ಅವರು ಮತ್ತೆ ಅದೇ ಮೆಟ್ ರಂಗಕ್ಕೆ ಹೋಗಿ ನಿಂತರು.

ಏಳು ವರ್ಷದ ನಂತರ ಏನಾಯಿತು ನೋಡಿ. 1948ರಲ್ಲಿ ಮೆಟ್ ಬಿಟ್ಟರು. 1949ರ ಏಪ್ರಿಲ್ 7ರಂದು ನ್ಯೂಯಾರ್ಕಿನ ನಾಟಕಕೇರಿ ಬ್ರಾಡ್‌ವೇಯಲ್ಲಿ ‘ಸೌತ್ ಪೆಸಿಫಿಕ್’ ಎಂಬ ಮ್ಯೂಸಿಕಲ್ ತೆರೆ ಎತ್ತಿತು. ನರೆಗೂದಲಿನ ಪಿಂಟ್ಸಾ ಅದರ ನಾಯಕ, 57ಕ್ಕೆ ಒಂದು ತಿಂಗಳು ಬಾಕಿ. ಪಾತ್ರ ತೋಟದ ಒಡೆಯನಾದ ಫ್ರೆಂಚನದು, ಆಡುವವರು ಇಟಲಿಯವರು, ಭಾಷೆ ಇಂಗ್ಲಿಷ್. ಯಾವ ನಾಲಿಗೆ ಕೇಳಿ ಜನ ಅನುಮಾನಪಟ್ಟಿದ್ದರೋ ಅದೇ ನಾಲಿಗೆಗೆ ನ್ಯೂಯಾರ್ಕ್ ಮನಸೋತಿತು. 1950ರಲ್ಲಿ ಅಮೆರಿಕದ ರಂಗಭೂಮಿಯ ಟೋನಿ ಪ್ರಶಸ್ತಿ ಬಂತು.

ಆ ನಾಟಕದ ಮೂಲ ಧ್ವನಿಮುದ್ರಣ ಸಿಗುತ್ತದೆ, ದಯವಿಟ್ಟು ಒಮ್ಮೆ ಕೇಳಿ. ಅವರ ಪ್ರಸಿದ್ಧ ಪ್ರೇಮಗೀತೆಯಲ್ಲಿ ‘ರ’ಕಾರ ನಾವು ಕನ್ನಡದಲ್ಲಿ ಅನ್ನುವ ಹಾಗೆಯೇ ನಾಲಿಗೆಯ ತುದಿಯಲ್ಲಿ ಉರುಳುತ್ತದೆ. ತಿದ್ದಿಕೊಂಡಿಲ್ಲ, ಮುಚ್ಚಿಟ್ಟಿಲ್ಲ. ಕೊನೆಗೆ ಸ್ವರ ಮೇಲೇರುವಾಗ ಈ ಭಾರಿ ಕಂಠ ಈಗ ಗುಡುಗುತ್ತದೆ ಎಂದು ಕಾಯುತ್ತೇವೆ. ಅವರು ದನಿಯನ್ನು ಎಳೆಯಷ್ಟು ತೆಳ್ಳಗೆ ಮಾಡಿ, ಪಿಸುಮಾತಿನ ಹತ್ತಿರಕ್ಕೆ ತಂದು ನಿಲ್ಲಿಸುತ್ತಾರೆ. ಮೂವತ್ತು ವರ್ಷ ಒಪೆರಾ ಹಾಡಿದವರಿಗಲ್ಲದೆ ಆ ಹಿಡಿತ ಬರುವುದಿಲ್ಲ. ವಿದ್ಯೆ ಎಲ್ಲಿ ಹೋಯಿತು ಎಂದು ಕೇಳಿದಿರಿ. ಆ ಒಂದು ಸ್ವರದಲ್ಲಿ ಅಷ್ಟೂ ಇದೆ.

ಅವರ ದಾರಿಯೆಲ್ಲ ಹೂವಿನದಾಗಿರಲಿಲ್ಲ. 1951ರಲ್ಲಿ ಬಂದ ಎರಡು ಹಾಲಿವುಡ್ ಚಿತ್ರಗಳು ಸೋತವು. 1953ರ ಟಿವಿ ಧಾರಾವಾಹಿ ಬೇಗ ನಿಂತುಹೋಯಿತು. ಮರುವರ್ಷ ಮತ್ತೆ ಬ್ರಾಡ್‌ವೇಗೆ ಬಂದು ‘ಫ್ಯಾನಿ’ ಎಂಬ ಮ್ಯೂಸಿಕಲ್‌ನಲ್ಲಿ ಗೆದ್ದರು. 1957ರಲ್ಲಿ ತೀರಿಕೊಂಡರು.

ಪಿಂಟ್ಸಾ ಎಲ್ಲವನ್ನೂ ಗೆದ್ದು ಬಂದವರು, ನನ್ನ ಮಗಳು ಈಗಷ್ಟೇ ಹೊರಟವಳು ಎನ್ನುತ್ತೀರಿ. ನಿಜ. ಅದಕ್ಕೇ ಒಂದು ಮಾತು ತಿಳಿದಿರಲಿ: ಒಪೆರಾ ಕಂಠ ನಿಧಾನವಾಗಿ ಪಕ್ವವಾಗುತ್ತದೆ, ತೂಕದ ಪಾತ್ರಗಳಿಗೆ ಮೂವತ್ತು ದಾಟಬೇಕು. ಮೈಕಿಲ್ಲದೆ ಇಡೀ ವಾದ್ಯವೃಂದದ ಮೇಲೆ ದನಿ ತೇಲಿಸಬೇಕಲ್ಲ, ಅವಸರ ಮಾಡಿದರೆ ಕಂಠವೇ ಹಾಳು. 26ರಲ್ಲಿ ದೊಡ್ಡ ಪಾತ್ರ ಸಿಗದಿರುವುದು ಪರದೇಶದವಳೆಂಬ ಕಾರಣಕ್ಕೇ ಆಗಬೇಕಿಲ್ಲ. ನಮ್ಮ ಮುಂಬೈಯಲ್ಲಿ ಹುಟ್ಟಿದ ಗಾಯಕಿ ಪೆಟ್ರಿಶಿಯಾ ರೊಜಾರಿಯೊ ಲಂಡನ್ನಿನಲ್ಲೇ ಕಲಿತು ಅಲ್ಲಿಯೇ ಹೆಸರಾದರು. ಜಾನ್ ಟ್ಯಾವೆನರ್‌ನಂಥ ಸಂಗೀತರಚನಕಾರ ಅವರ ಕಂಠವನ್ನೇ ಮನಸ್ಸಿನಲ್ಲಿಟ್ಟುಕೊಂಡು ಕೃತಿ ರಚಿಸಿದರು.

ನಾಟಕಕ್ಕೆ ಹೋದರೆ ಸಂಗೀತ ಕೆಡುತ್ತದೆ ಎಂಬ ಭಯ ನಮ್ಮ ಸೀಮೆಯಲ್ಲಿ ಹಳೆಯದು. ಆದರೆ ಮಲ್ಲಿಕಾರ್ಜುನ ಮನ್ಸೂರರು ಹುಡುಗನಾಗಿದ್ದಾಗ ಕಂಪನಿ ನಾಟಕದಲ್ಲಿ ಹಾಡಿದವರೇ.

ನಿಮ್ಮ ಮಗಳ ಬಗ್ಗೆ ನನಗಿರುವ ಕಾಳಜಿ ಬೇರೆ. ಒಪೆರಾದವರು ಒಂದು ದೊಡ್ಡ ಪಾತ್ರ ಹಾಡಿದ ಮೇಲೆ ಸಾಮಾನ್ಯವಾಗಿ ಒಂದೆರಡು ದಿನ ಕಂಠಕ್ಕೆ ವಿಶ್ರಾಂತಿ ಕೊಡುತ್ತಾರೆ. ಲಂಡನ್ನಿನ ನಾಟಕಕೇರಿ ವೆಸ್ಟ್ ಎಂಡ್‌ನಲ್ಲಾಗಲಿ ಬ್ರಾಡ್‌ವೇಯಲ್ಲಾಗಲಿ ವಾರಕ್ಕೆ ಎಂಟು ಪ್ರದರ್ಶನ ಇರುತ್ತವೆ. ಪಿಂಟ್ಸಾ ಇದನ್ನು ಅರಿತೇ ಒಂದು ಪ್ರದರ್ಶನಕ್ಕೆ ಹದಿನೈದು ನಿಮಿಷಕ್ಕಿಂತ ಹೆಚ್ಚು ಹಾಡುವುದಿಲ್ಲ ಎಂದು ಕರಾರಿನಲ್ಲೇ ಬರೆಸಿದ್ದರು. ಮೇಳದಲ್ಲಿ ಹಾಡುವ ಹುಡುಗಿಗೆ ಅಂಥ ಕರಾರು ಯಾರು ಕೊಡುತ್ತಾರೆ? ಹಾಗಾಗಿ ಫೋನ್ ಮಾಡಿದಾಗ ‘ಒಪೆರಾ ಯಾಕೆ ಬಿಟ್ಟೆ’ ಎನ್ನಬೇಡಿ. ಗಂಟಲು ಹೇಗಿದೆ, ರಜೆಯ ದಿನ ಸುಮ್ಮನಿರುತ್ತೀಯಾ, ಹಳೆಯ ಗುರುವಿನ ಹತ್ತಿರ ಈಗಲೂ ಹೋಗುತ್ತೀಯಾ ಎಂದು ಕೇಳಿ.

ನೆಂಟರಿಗೆ ಏನು ಹೇಳುವುದು ಎಂದಿರಿ. ಮಗಳು ಲಂಡನ್ನಿನಲ್ಲಿ ಹಾಡುತ್ತಿದ್ದಾಳೆ ಎನ್ನಿ, ವಾರಕ್ಕೆ ಎಂಟು ಸಲ.