ಪೆಲ್ ಗ್ರಾಂಟ್ ಇದ್ರೆ ಹಿಂದುಳಿದವರು ಅಂತ ಬರೀಬೋದಾ?

ಪೆಲ್ ಗ್ರಾಂಟ್ (ಕಡಿಮೆ ಆದಾಯದ ಮನೆಯ ಕಾಲೇಜು ವಿದ್ಯಾರ್ಥಿಗಳಿಗೆ ಅಮೆರಿಕ ಸರ್ಕಾರ ಕೊಡೋ ನೆರವು) ತಗೊಂಡು ಓದಿದೀನಿ, ಮೆಡಿಕಲ್ ಅಪ್ಲಿಕೇಶನ್‌ನಲ್ಲಿ ಹಿಂದುಳಿದವರು (ಡಿಸ್‌ಅಡ್ವಾಂಟೇಜ್ಡ್) ಅಂತ ಹಾಕ್ಬೋದಾ ಅಂತ ಕೇಳಿದೀರ, ಹಳೇ ಪೋಸ್ಟ್‌ಗಳನ್ನ ಓದಿ ಗೊಂದಲ ಆಗಿದೆ ಅನ್ಸುತ್ತೆ. ಅಮೆರಿಕದ ಎಎಂಸಿಎಎಸ್ (ಒಂದೇ ಅರ್ಜಿಲಿ ಹಲವು ಮೆಡಿಕಲ್ ಕಾಲೇಜಿಗೆ ಅಪ್ಲೈ ಮಾಡೋ ವ್ಯವಸ್ಥೆ) ಅಪ್ಲಿಕೇಶನ್‌ನಲ್ಲಿ 'ನೀವು ಹಿಂದುಳಿದವರಾ' ಅನ್ನೋ ಹೌದು-ಇಲ್ಲ ಪ್ರಶ್ನೆ 2024ರ ಪ್ರವೇಶ ಸಾಲಿನಿಂದ ಇಲ್ಲ, ಅದರ ಜಾಗದಲ್ಲಿ ನೀವು ಎದುರಿಸಿದ ಅಡೆತಡೆ ಬಗ್ಗೆ 1,325 ಕ್ಯಾರೆಕ್ಟರ್‌ನ ಉತ್ತರ ಇದೆ, ಕಡ್ಡಾಯ ಅಲ್ಲ.

ಮೊದ್ಲು ಚಿಕ್ಕಂದಿನಿಂದ ಮನೆ ಆದಾಯ, ಸರ್ಕಾರಿ ನೆರವು, ನೀವು ದುಡಿದ ಗಂಟೆ ಎಲ್ಲಾ ಒಂದು ಹಾಳೆಲಿ ಬರ್ಕೊಳಿ. ಆಮೇಲೆ ಅದ್ರಲ್ಲಿ ಯಾವ್ದು ನಿಜವಾಗ್ಲೂ ನಿಮ್ಮ ಓದಿಗೆ ಅಡ್ಡ ಬಂತು ನೋಡಿ ಅದನ್ನಷ್ಟೇ ಬರೀರಿ. ನಾನು "ಬಡತನ" ಅನ್ನೋ ಪದಾನೇ ಹಾಕ್ಲಿಲ್ಲ, ವಾರಕ್ಕೆ 25 ಗಂಟೆ ರಾತ್ರಿ ಪಾಳಿ, ಆ ಸಂಬಳ ಮನೆ ಬಾಡಿಗೆಗೆ, ಅದ್ರಿಂದ ಲ್ಯಾಬ್ ಕ್ಲಾಸ್ ಬಿಡಬೇಕಾಯ್ತು ಅಂತಷ್ಟೇ ಬರ್ದೆ. ಪರ್ಸನಲ್ ಸ್ಟೇಟ್‌ಮೆಂಟ್‌ನಲ್ಲಿ (ಯಾಕೆ ಡಾಕ್ಟರ್ ಆಗ್ಬೇಕು ಅಂತ ಅರ್ಜಿಲಿ ಬರೆಯೋ ಪ್ರಬಂಧ) ಇರೋದನ್ನೇ ಮತ್ತೆ ಹಾಕ್ಬೇಡಿ. ಒಂದೊಂದು ಕಾಲೇಜು ಒಂದೊಂದು ಥರ ನೋಡುತ್ತೆ, ಸೀಟು ಗ್ಯಾರಂಟಿ ಅಂತ ಹೇಳಕ್ಕಾಗಲ್ಲ, ಆದ್ರೆ ಪೆಲ್ ಗ್ರಾಂಟ್ ಜೊತೆ ಕೆಲ್ಸನೂ ಮಾಡ್ಕೊಂಡು ಓದಿದೀರಲ್ಲ, ಅದನ್ನ ಬರೆಯೋದು ಖಂಡಿತ ಮೋಸ ಅಲ್ಲ, ಬರೀರಿ.